ಪರೋಟ ತಿಂದ್ರೂ ಏನಾಗಲ್ಲ, ಮಾತ್ರೆ ನುಂಗಿದ್ರೂ ಏನಾಗಲ್ಲ, ಎರಡೂ ಆಗಿ ಓಡಿದ್ರೆ ಬಿದ್ದುಬಿಟ್ಟ. ಇದೇನು ಕಾಯ್ಲೆ?

ಏಲಕ್ಕಿಕಾಡು · ಭಾನುವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ, ನಿನ್ನೆಯಿಂದ ತಲೆ ಸರಿ ಇಲ್ಲ.

ನನ್ನ ತಮ್ಮಂಗೆ 19 ವರ್ಷ, ಗೋಣಿಕೊಪ್ಪದಲ್ಲಿ ಡಿಗ್ರಿ, ಹಾಕಿ ಅಂದ್ರೆ ಊಟ ನಿದ್ದೆ ಬೇಡ. ಮೂರು ದಿನದ ಹಿಂದೆ ಪ್ರಾಕ್ಟೀಸಲ್ಲಿ ಕಾಲು ಉಳುಕಿತ್ತು. ಮನೇಲಿ ಹೇಳಿದ್ರೆ ಆಡೋಕೆ ಬಿಡಲ್ಲ ಅಂತ ಫ್ರೆಂಡ್ ಹತ್ರ ನೋವಿನ ಮಾತ್ರೆ ಇಸ್ಕೊಂಡು ನುಂಗ್ತಿದ್ದನಂತೆ, ಇದು ನಮಗೆ ಆಮೇಲೆ ಗೊತ್ತಾಗಿದ್ದು. ನಿನ್ನೆ ಬೆಳಗ್ಗೆ ಏಳಕ್ಕೆ ಹೋಟ್ಲಲ್ಲಿ ಮೂರು ಪರೋಟ, ಮೊಟ್ಟೆ ಕರಿ, ಚಾ, ಮೇಲೆ ಒಂದು ಮಾತ್ರೆ. ಎಂಟು ಗಂಟೆಗೆ ಫೀಲ್ಡಿಗೆ ಇಳಿದಿದ್ದಾನೆ. ಇಪ್ಪತ್ತು ನಿಮಿಷ ಆಗಿರ್ಬೇಕು, ಅಂಗೈ ತುರಿಕೆ, ಕಿವಿ ಕೆಂಪು, ಆಮೇಲೆ ಮೈಯೆಲ್ಲಾ ದಡಿಕೆ, ಗಂಧೆ ಎದ್ದ ಹಾಗೆ. ಹುಲ್ಲಿಂದು ಅಂತ ಕೆರ್ಕೊಂಡು ಆಡ್ತಾನೇ ಇದ್ದನಂತೆ. ಐದು ನಿಮಿಷದಲ್ಲಿ ತುಟಿ ಊದಿ, ಗಂಟಲು ಕಟ್ಟಿ, ವಾಂತಿ ಮಾಡ್ಕೊಂಡು ಕುಸಿದುಬಿದ್ದ.

ಹುಡುಗ್ರು ಬಿಸಿಲಿಗೆ ತಲೆಸುತ್ತು ಅಂದ್ಕೊಂಡು ನೀರು ಚಿಮುಕಿಸಿ, ಎರಡೂ ಕಡೆ ಹೆಗಲು ಕೊಟ್ಟು ನಡೆಸ್ಕೊಂಡೇ ಜೀಪ್ ತನಕ ಹೋಗಿದ್ದಾರೆ, ದಾರೀಲಿ ಇನ್ನೊಂದ್ಸಲ ಬಿದ್ದ. ಆಸ್ಪತ್ರೇಲಿ ತೊಡೆಗೆ ಇಂಜೆಕ್ಷನ್ ಕೊಟ್ರು, ಹತ್ತೇ ನಿಮಿಷಕ್ಕೆ ಮುಖಕ್ಕೆ ಕಳೆ ಬಂತು ಮಾರ್ರೆ, ನಾನು ಕಣ್ಣಾರೆ ನೋಡ್ದೆ. ಒಂದು ರಾತ್ರಿ ಇಟ್ಕೊಂಡು ಇವತ್ತು ಕಳಿಸಿದ್ದಾರೆ. ತೀವ್ರ ಅಲರ್ಜಿ, ಏನಿಂದ ಅಂತ ಕಂಡುಹಿಡೀಬೇಕು, ಮೈಸೂರಿಗೋ ಮಂಗಳೂರಿಗೋ ಹೋಗಿ ಅಂದ್ರು.

ಈಗ ಮನೇಲಿ ಪಂಚಾಯ್ತಿ. ಅಮ್ಮ ಹೋಟ್ಲು ಎಣ್ಣೆ ಅಂತಾರೆ, ಅಪ್ಪ ಮಾತ್ರೆ ಅಂತಾರೆ, ಕೋಚ್ ಕೆಂಜಿರುವೆ ಕಚ್ಚಿರ್ಬೇಕು ಅಂತಾರೆ, ದೊಡ್ಡಮ್ಮ ದೃಷ್ಟಿ ತೆಗೆದು ಹೋದ್ರು. ನನ್ನ ತಲೆನೋವು ಏನಂದ್ರೆ ಅವನು ಪರೋಟ ಹುಟ್ಟಿದಾಗಿಂದ ತಿಂತಿದ್ದಾನೆ, ಆ ಮಾತ್ರೆ ಮೊದಲೂ ನುಂಗಿದ್ದಾನೆ, ಓಡೋದು ದಿನಾ ಓಡ್ತಾನೆ. ಹಂಗಿದ್ರೆ ನಿನ್ನೆ ಮಾತ್ರ ಯಾಕೆ? ಈಗ ಕೇಳಿದ್ರೆ ಹೇಳ್ತಾನೆ, ಹೋದ ವರ್ಷ ಕೈಲ್‌ಪೊಳ್ದ್ ಹಬ್ಬದ ಹೊತ್ತಲ್ಲೂ ಪೂರಿ ತಿಂದು ಓಟಕ್ಕೆ ಹೋದಾಗ ಮೈಯೆಲ್ಲಾ ದಡಿಕೆ ಎದ್ದಿತ್ತಂತೆ, ತುರಿಚೆ ಸೊಪ್ಪು ತಾಗಿರ್ಬೇಕು ಅಂತ ಸುಮ್ನಾಗಿದ್ದ. ಯಾರಿಗಾದ್ರೂ ಹಿಂಗೆ ಆಗಿದೆಯಾ?

ಮಳೆಹುಳ · ಭಾನುವಾರ ರಾತ್ರಿ 10:05

ಅಣ್ಣ, ತಮ್ಮ ಹುಷಾರಾಗಿದ್ದಾನಲ್ಲ ಅದೇ ದೊಡ್ಡದು. ಆದ್ರೆ ಇದಕ್ಕೆಲ್ಲ ದೊಡ್ಡ ಡಾಕ್ಟ್ರು ಯಾಕೆ, ಹೋಟ್ಲಲ್ಲಿ ಒಂದೇ ಎಣ್ಣೇನ ನಾಲ್ಕು ದಿನ ಕಾಸ್ತಾರೆ, ಪಿತ್ತ ಕೆರಳಿದೆ ಅಷ್ಟೆ. ಅರಿಶಿಣ ಹಾಕಿ ಹಾಲು ಕುಡಿಸಿ, ಒಂದು ವಾರ ಹೋಟ್ಲು ಬಂದ್ ಮಾಡ್ಸಿ.

ಪಿಟಿಮಾಸ್ತರ್ · ಭಾನುವಾರ ರಾತ್ರಿ 10:50

ಇದನ್ನ ಓದಿ ಕೈ ತಣ್ಣಗಾಯ್ತು. ನಾನು 22 ವರ್ಷ ಪಿ.ಟಿ. ಮಾಡಿಸಿದ್ದೇನೆ. ಒಂದು ಊರಿನ ಸ್ಕೂಲಲ್ಲಿ (ಹೆಸ್ರು ಬೇಡ) ಎಂಟನೇ ಕ್ಲಾಸಿನ ಹುಡುಗಿ ಒಬ್ಳಿದ್ಳು. ಸ್ಪೋರ್ಟ್ಸ್ ಡೇ ತಯಾರಿಗೆ ಬೆಳಗ್ಗೆ ಓಡಿಸ್ತಿದ್ವಿ. ಕೆಲವು ದಿನ ಸರಾಗ ಓಡೋಳು, ಕೆಲವು ದಿನ ಎರಡು ರೌಂಡಿಗೆ ಹೊಟ್ಟೆನೋವು ಸರ್, ಮೈ ಉರಿ ಸರ್ ಅಂತ ಕೂತ್ಬಿಡೋಳು. ನಾನು ನಾಟಕ ಅಂದ್ಕೊಂಡೆ. ಬೈದು ಓಡಿಸಿದ್ದೂ ಉಂಟು, ಇವತ್ತಿಗೂ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಒಂದಿನ ಕಣ್ಣು ಮುಚ್ಚಿಕೊಳ್ಳೋ ಹಂಗೆ ಊದಿತು, ಆವಾಗ ಹೆದರಿ ಮನೆಯವರನ್ನ ಕರೆಸಿದ್ವಿ. ಅವರಮ್ಮ ನೆನಪು ಮಾಡ್ಕೊಂಡು ಹೇಳಿದ್ದು ಏನಂದ್ರೆ, ಉಪ್ಪಿಟ್ಟು ತಿಂದು ಬಂದ ದಿನ ಮಾತ್ರ ಹಿಂಗಾಗುತ್ತೆ, ಕಡಂಬುಟ್ಟು ನೂಪುಟ್ಟು ಅಕ್ಕಿ ರೊಟ್ಟಿ, ಅಂದ್ರೆ ಅಕ್ಕೀದು ತಿಂದ ದಿನ ಇಲ್ಲ. ರವೆ ಅಂದ್ರೆ ಗೋಧಿನೇ ಅಲ್ವಾ. ಆಮೇಲೆ ಟೆಸ್ಟ್ ಮಾಡಿಸಿದ್ರಾ ಇಲ್ವಾ ಗೊತ್ತಿಲ್ಲ, ಅವರು ಊರು ಬಿಟ್ರು. ನಿಮ್ಮ ತಮ್ಮಂದೂ ಪೂರಿ, ಪರೋಟ. ಗಮನಿಸಿ.

ಊರುಬಿಟ್ಟಡಾಕ್ಟ್ರು · ಸೋಮವಾರ ಬೆಳಗ್ಗೆ 6:30

ಅಮ್ಮತ್ತಿ ಕಡೆಯವನು, ಈಗ ಮೈಸೂರಲ್ಲಿ ಇದ್ದೇನೆ. ಮುಂಚೇನೇ ಹೇಳ್ತೇನೆ, ನೋಡದೇ ರೋಗ ಇದೇ ಅಂತ ಹೇಳೋಕಾಗಲ್ಲ. ಆದ್ರೆ ನೀವು ಬರೆದಿದ್ದನ್ನ ಓದಿದ್ರೆ ಮೊದಲು ನೆನಪಾಗೋದು ಆಹಾರ ಮತ್ತು ವ್ಯಾಯಾಮ ಎರಡೂ ಸೇರಿದಾಗ ಮಾತ್ರ ಬರೋ ಅನಾಫಿಲ್ಯಾಕ್ಸಿಸ್, ಅಂದ್ರೆ ಜೀವಕ್ಕೇ ಅಪಾಯ ತರೋ ತೀವ್ರ ಅಲರ್ಜಿ. ಹೊಸ ಕಾಯ್ಲೆ ಅಲ್ಲ. 1979ರಲ್ಲಿ ಅಮೆರಿಕದಲ್ಲಿ ಮೊದಲು ಬರೆದಿಟ್ಟರು, ದೂರದ ಓಟ ಓಡೋ ಒಬ್ಬ ಮನುಷ್ಯ, ಚಿಪ್ಪಿನ ಸಮುದ್ರಾಹಾರ ತಿಂದು ಓಡಿದ್ರೆ ಮಾತ್ರ ಬೀಳ್ತಿದ್ದ, ತಿಂದು ಸುಮ್ನೆ ಕೂತ್ರೆ ಏನೂ ಇಲ್ಲ, ತಿನ್ನದೆ ಓಡಿದ್ರೂ ಏನೂ ಇಲ್ಲ. ಆಮೇಲೆ ನೋಡ್ತಾ ನೋಡ್ತಾ ಗೋಧಿಯಿಂದಾನೇ ಜಾಸ್ತಿ ಅಂತ ಗೊತ್ತಾಯ್ತು. ಗೋಧೀಲಿ ಒಮೇಗಾ-5 ಗ್ಲಯಾಡಿನ್ ಅಂತ ಒಂದು ಪ್ರೋಟೀನ್ ಉಂಟು, ಹೆಚ್ಚಿನವರಿಗೆ ತಕರಾರು ಅದರದ್ದೇ.

ಏನಾಗುತ್ತೆ ಅಂದ್ರೆ, ದೇಹದಲ್ಲಿ ಆ ಪ್ರೋಟೀನಿಗೆ ಐಜಿಇ ಅನ್ನೋ ಪ್ರತಿಕಾಯ ತಯಾರಾಗಿ ಮಾಸ್ಟ್ ಸೆಲ್ ಅನ್ನೋ ಜೀವಕೋಶಗಳ ಮೇಲೆ ಕೂತಿರುತ್ತೆ. ಸುಮ್ನೆ ತಿಂದ್ರೆ ಹೊಟ್ಟೆ ಅದನ್ನ ಚೂರುಚೂರು ಮಾಡಿಬಿಡುತ್ತೆ, ರಕ್ತಕ್ಕೆ ಹೋಗೋದು ತೀರಾ ಕಮ್ಮಿ, ಮಾಸ್ಟ್ ಸೆಲ್ ತಲೆ ಕೆಡಿಸ್ಕೊಳಲ್ಲ. ಓಡೋಕೆ ಶುರು ಮಾಡಿದಾಗ ರಕ್ತ ಹೊಟ್ಟೆಯಿಂದ ಕಾಲಿನ ಸ್ನಾಯುಗೆ ತಿರುಗುತ್ತೆ, ಕರುಳಿನ ಗೋಡೆ ಸೋರುತ್ತೆ, ಪೂರ್ತಿ ಅರಗದ ಪ್ರೋಟೀನ್ ಒಳಗೆ ನುಗ್ಗುತ್ತೆ. ಇದರ ಮೇಲೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಥರದ ಮಾತ್ರೆ ಬಿದ್ರೆ ಎರಡು ಕೆಲಸ ಮಾಡುತ್ತೆ. ಒಂದು, ಅದೇ ಕರುಳಿನ ಗೋಡೆಯನ್ನ ಇನ್ನೂ ಸಡಿಲ ಮಾಡುತ್ತೆ. ಎರಡು, ಕಾಕ್ಸ್-1 ಅನ್ನೋ ಕಿಣ್ವಾನ ತಡೆಯುತ್ತಲ್ಲ, ಅದ್ರಿಂದ ಪ್ರೋಸ್ಟಗ್ಲಾಂಡಿನ್ ಇ2 ಕಮ್ಮಿ ಆಗುತ್ತೆ. ಮಾಸ್ಟ್ ಸೆಲ್ಲನ್ನ ಹಿಡಿದು ಕೂರಿಸ್ತಿದ್ದ ಲಗಾಮು ಅದು. ಲಗಾಮು ಬಿಟ್ಟರೆ ಹಿಸ್ಟಮಿನ್ ಸುರಿಯುತ್ತೆ, ಲ್ಯೂಕೋಟ್ರಯೀನ್ ಏರುತ್ತೆ, ತುರಿಕೆ ಊತ ಉಬ್ಬಸ ತರೋ ರಾಸಾಯನಿಕಗಳು ಇವು. ಒಳಗೆ ಏನೇನಾಗುತ್ತೆ ಅನ್ನೋದ್ರ ಬಗ್ಗೆ ಇನ್ನೂ ಚರ್ಚೆ ಇದೆ, ಆದ್ರೆ ಮಾತ್ರೆಯಿಂದ ಜಾಸ್ತಿ ಆಗುತ್ತೆ ಅನ್ನೋದನ್ನ ರೋಗಿಗಳಿಗೆ ಆಸ್ಪತ್ರೇಲೇ ಕೂರಿಸಿ ತಿನ್ನಿಸಿ ನೋಡಿದ್ದಾರೆ.

ಕಡಲೆಕಾಯಿ ಅಲರ್ಜಿ ಇರೋ ದೊಡ್ಡವರ ಮೇಲೆ ಬ್ರಿಟನ್ನಲ್ಲಿ ಒಂದು ಅಧ್ಯಯನ ಆಯ್ತು, 2019ರಲ್ಲಿ ಪ್ರಕಟ ಆಗಿದ್ದು. ವ್ಯಾಯಾಮ ಮಾಡಿಸಿದಾಗ ಸುಮಾರು 45% ಕಡಿಮೆ ಪ್ರಮಾಣಕ್ಕೇ ರಿಯಾಕ್ಷನ್ ಬಂತು. ನಿದ್ದೆಗೆಡಿಸಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಅಲರ್ಜಿಗೆ "ಇಷ್ಟು ತಿಂದ್ರೆ ಬರುತ್ತೆ" ಅಂತ ಕಲ್ಲಲ್ಲಿ ಕೆತ್ತಿದ ಗೆರೆ ಇಲ್ಲ. ನಿದ್ದೆ, ಜ್ವರ, ಮುಟ್ಟು, ಕುಡಿತ, ಮಾತ್ರೆ, ಓಟ, ಎಲ್ಲಾ ಆ ಗೆರೆಯನ್ನ ಕೆಳಗೆ ಎಳೀತವೆ.

ತಮ್ಮನ ಹತ್ರ ಒಂದು ಪುಸ್ತಕದಲ್ಲಿ ಬರೆಸಿ. ಎರಡೂ ಸಲ ಆಗೋದಕ್ಕೆ ಮುಂಚಿನ ಐದಾರು ಗಂಟೇಲಿ ಏನು ತಿಂದ, ಏನು ಕುಡಿದ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ರಾತ್ರಿ ನಿದ್ದೆ ಎಷ್ಟು. ಡಾಕ್ಟ್ರಿಗೆ ಟೆಸ್ಟಿಗಿಂತ ಮೊದಲು ಬೇಕಾಗೋದು ಅದು. ಮತ್ತೆ ದಯವಿಟ್ಟು ಮನೇಲಿ ಪರೋಟ ತಿನ್ನಿಸಿ ಓಡಿಸಿ ನೋಡಬೇಡಿ.

ಮಳೆಹುಳ · ಸೋಮವಾರ ಬೆಳಗ್ಗೆ 8:15

ಡಾಕ್ಟ್ರೆ ಗೌರವ ಇಟ್ಕೊಂಡೇ ಕೇಳ್ತೀನಿ, ಅಲರ್ಜಿ ಇದ್ರೆ ತಿಂದಾಗೆಲ್ಲ ಬರ್ಬೇಕಲ್ವಾ? ಹತ್ತೊಂಬತ್ತು ವರ್ಷ ತಿಂದೋನಿಗೆ ಈಗ ಬಂತು ಅಂದ್ರೆ ನಂಬೋದು ಹೆಂಗೆ? ನನಗೆ ಇದು ಬರೀ ಮಾತ್ರೆ ಸೈಡ್ ಎಫೆಕ್ಟ್ ಅನ್ಸುತ್ತೆ.

ನಿವೃತ್ತಹವಾಲ್ದಾರ್ · ಸೋಮವಾರ ಬೆಳಗ್ಗೆ 9:00

ಮಳೆಹುಳ ಅವರೆ, ಗದ್ದೆ ಏರಿ ನೋಡಿದ್ದೀರಾ? ಮಳೆ ಒಂದೇ ಬಂದ್ರೆ ನಿಲ್ಲುತ್ತೆ. ಏಡಿ ತೂತು ಒಂದೇ ಇದ್ರೂ ನಿಲ್ಲುತ್ತೆ. ಮೇಲಿನ ಗದ್ದೆಯವನು ರಾತ್ರಿ ನೀರು ಬಿಟ್ಟಾಗ ಮಳೆನೂ ತೂತೂ ಎರಡೂ ಇದ್ರೆ ಬೆಳಗ್ಗೆ ಹೊತ್ತಿಗೆ ಏರಿ ಇರಲ್ಲ. ಯಾರ ತಪ್ಪು ಅಂತ ಮೂರು ಜನ ಮೂರು ದಿನ ಜಗಳ ಆಡ್ತಾರೆ.

ನಂದೂ ಒಂದು ಕಥೆ ಇದೆ, ಇವತ್ತಿನ ತನಕ ಹೀಗೆ ಜೋಡಿಸಿ ನೋಡಿರ್ಲಿಲ್ಲ. ಮೂರು ವರ್ಷದ ಹಿಂದೆ ವಿರಾಜಪೇಟೆ ಕಡೆ ಒಂದು ಮದುವೆ. ಮಂಡಿ ನೋವಿಗೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಮಾತ್ರೆ. ಪಂದಿಕರಿ ಜೊತೆಗೆ ಆ ದಿನ ಸಿಗಡಿ ಫ್ರೈ ಇತ್ತು. ಎರಡು ಪೆಗ್ಗು ರಮ್ಮು (ಸರಿ, ಮೂರು). ವಾಲಗ ಶುರು ಆಯ್ತು, ಕಾಲು ನಿಲ್ಲುತ್ತಾ, ಅರ್ಧ ಗಂಟೆ ಕುಣಿದೆ. ಮೈ ಬಿಸಿ, ಕುಪ್ಯದ (ನಮ್ಮ ಕೊಡವ ಉದ್ದ ಕೋಟು) ಒಳಗೆ ಬೆನ್ನೆಲ್ಲಾ ತುರಿಕೆ, ಎದೆ ಹಿಡಿದ ಹಾಗೆ, ಆಮೇಲೆ ಕಣ್ಣು ಕತ್ತಲೆ. ಜಾಸ್ತಿ ಕುಡ್ದಿದ್ದಾನೆ ಅಂತ ಎಲ್ರೂ ನಕ್ರು. ಮನೆಯವಳು ಮಾತ್ರ ಮುಖ ಊದಿದ್ದು ನೋಡಿ ಆಸ್ಪತ್ರೆಗೆ ಹೊತ್ಕೊಂಡು ಹೋದ್ಲು. ಕುಡಿತದ್ದೇ ಅಂತ ನಾನೂ ನಂಬಿ ಆರು ತಿಂಗಳು ಬಿಟ್ಟಿದ್ದೆ, ಅದು ಬೇರೆ ವಿಷಯ. ಸಿಗಡಿ ಆಮೇಲೂ ತಿಂದಿದ್ದೇನೆ, ಬಾಯಲ್ಲಿ ಸ್ವಲ್ಪ ತುರಿಕೆ ಬಿಟ್ರೆ ಏನೂ ಇಲ್ಲ. ಬಿಪಿಗೆ ದಿನಾ ಮಾತ್ರೆ ಇದೆ, ಅದಕ್ಕೂ ಸಂಬಂಧ ಉಂಟಾ ಡಾಕ್ಟ್ರೆ?

ಊರುಬಿಟ್ಟಡಾಕ್ಟ್ರು · ಸೋಮವಾರ ಮಧ್ಯಾಹ್ನ 1:20

ಹವಾಲ್ದಾರ್ ಸರ್, ಏರಿ ಉದಾಹರಣೆ ನಾನು ಕ್ಲಿನಿಕ್ಕಲ್ಲಿ ಕದ್ದು ಬಳಸ್ತೇನೆ. ಬಾಯಲ್ಲಿ ತುರಿಕೆ ಬರೋದು "ಏನೂ ಇಲ್ಲ" ಅಲ್ಲ ಸರ್, ಅದೇ ತೂತು. ಅಲರ್ಜಿ ಟೆಸ್ಟ್ ಆಗೋ ತನಕ ಸಿಗಡಿ, ಏಡಿ ಎರಡೂ ಮುಟ್ಟಬೇಡಿ. ಬಿಪಿ ಮಾತ್ರೆ ಯಾವುದು ನೋಡಿ, ಹೆಸರು "ಲಾಲ್" ಅಂತ ಮುಗಿದ್ರೆ, ಅಟೆನಲಾಲ್ ಮೆಟೊಪ್ರೊಲಾಲ್ ಥರ, ಅವು ಬೀಟಾ ಬ್ಲಾಕರ್. ಅಂಥವರಿಗೆ ರಿಯಾಕ್ಷನ್ ಜೋರಾಗಬಹುದು, ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ರೂ ಸರಿಯಾಗಿ ಕೆಲಸ ಮಾಡದೇ ಇರಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರ ಹತ್ರ ಈ ಕಥೆ ಪೂರ್ತಿ ಹೇಳಿ. ಮೂರನೇ ಪೆಗ್ಗು ಸಮೇತ.

ಮಳೆಹುಳ, ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಕೆಲವರಿಗೆ ನೋವಿನ ಮಾತ್ರೆ ಒಂದಕ್ಕೇ ದಡಿಕೆ, ಊತ, ಉಬ್ಬಸ ಬರುತ್ತೆ, ಊಟಕ್ಕೂ ಅದಕ್ಕೂ ಸಂಬಂಧ ಇರಲ್ಲ. ಅದಕ್ಕೇ ಟೆಸ್ಟ್ ಬೇಕು ಅಂದಿದ್ದು. ಆದ್ರೆ ಈ ಹುಡುಗನಿಗೆ ಪೂರಿ ತಿಂದು ಓಡಿದಾಗ ಮಾತ್ರೆ ಇಲ್ದೇನೂ ದಡಿಕೆ ಬಂದಿದೆ, ಅದನ್ನ ಮರೀಬೇಡಿ. ಮತ್ತೆ ಅಲರ್ಜಿ ಹುಟ್ಟಿನಿಂದ್ಲೇ ಬರಬೇಕು ಅಂತೇನಿಲ್ಲ, ಈ ಗೋಧಿದು ಹೆಚ್ಚಾಗಿ ಹರೆಯದಲ್ಲಿ, ದೊಡ್ಡವರಾದ ಮೇಲೆ ಶುರು ಆಗೋದು. ಜಪಾನಿನಲ್ಲಿ ಗೋಧಿ ಪ್ರೋಟೀನ್ ಹಾಕಿದ ಮುಖದ ಸೋಪು ಹಚ್ಚಿ ಹಚ್ಚಿ 2000ಕ್ಕೂ ಜಾಸ್ತಿ ಜನಕ್ಕೆ ಗೋಧಿ ಅಲರ್ಜಿ ಬಂತು, 2011ರಲ್ಲಿ ಆ ಸೋಪು ಮಾರ್ಕೆಟ್ಟಿಂದ ವಾಪಸ್ ತಗೊಂಡ್ರು. ಅಷ್ಟು ವರ್ಷ ಆರಾಮಾಗಿ ನೂಡಲ್ಸ್ ತಿಂದೋರು ಅವರೂ.

ಮೆಡಿಕಲ್‌ಶಾಪಣ್ಣ · ಸೋಮವಾರ ಸಂಜೆ 7:45

ಸೋಮವಾರಪೇಟೆ ಕಡೆ ಅಂಗಡಿ. ಗಿರಾಕಿ ಬಂದು ಹೇಳೋದು ಒಂದೇ ಮಾತು, "ನೋವಿಂದು ಎರಡು ಕೊಡಣ್ಣ". ಹೆಸರು ಬೇಡ, ಚೀಟಿ ಇಲ್ಲ. ಸ್ಟ್ರಿಪ್ ಕತ್ತರಿಸಿ ಎರಡು ಕೊಟ್ರೆ ಹಿಂದಿರೋ ಹೆಸರು ಅರ್ಧ ಹೋಗಿರುತ್ತೆ, ಆಮೇಲೆ ಆಸ್ಪತ್ರೇಲಿ ಯಾವ ಮಾತ್ರೆ ಅಂದ್ರೆ "ಕೆಂಪುದು" ಅಂತಾರೆ. ಅದಕ್ಕೆ ಇಲ್ಲೇ ಹೇಳ್ಬಿಡ್ತೀನಿ, ಡಾಕ್ಟ್ರೆ ತಪ್ಪಿದ್ರೆ ತಿದ್ದಿ. ಡೋಲೋ, ಕಾಲ್ಪಾಲ್ ಇವು ಪ್ಯಾರಾಸಿಟಮಾಲ್. ಬ್ರೂಫೆನ್ ಅಂದ್ರೆ ಐಬುಪ್ರೊಫೆನ್. ಕಾಂಬಿಫ್ಲಾಮಲ್ಲಿ ಎರಡೂ ಸೇರಿದೆ, 400 ಮಿಲಿಗ್ರಾಂ ಐಬುಪ್ರೊಫೆನ್, 325 ಪ್ಯಾರಾಸಿಟಮಾಲ್, ಜನ ಅದನ್ನ ಜ್ವರದ ಮಾತ್ರೆ ಅಂತಾನೇ ತಿಳ್ಕೊಂಡಿದ್ದಾರೆ. ವೋವೆರಾನ್ ಡೈಕ್ಲೋಫೆನಾಕ್, ಝೀರೋಡಾಲ್ ಅಸೆಕ್ಲೋಫೆನಾಕ್, ಡಿಸ್ಪ್ರಿನ್ ಆಸ್ಪಿರಿನ್, ಹೆಣ್ಮಕ್ಳು ಮುಟ್ಟಿನ ನೋವಿಗೆ ತಗೊಳೋ ಮೆಫ್ಟಾಲಲ್ಲಿ ಮೆಫೆನಾಮಿಕ್ ಆಸಿಡ್. ಪ್ಯಾರಾಸಿಟಮಾಲ್ ಬಿಟ್ಟು ಮಿಕ್ಕಿದ್ದೆಲ್ಲ ಡಾಕ್ಟ್ರು ಹೇಳಿದ ಗುಂಪಿನವೇ. ಮೆಫ್ಟಾಲ್ ನುಂಗಿ, ಮುಟ್ಟಿನ ದಿನ, ಊಟ ಮಾಡಿ ಗುಡ್ಡ ಹತ್ತಿ ಕೆಲಸಕ್ಕೆ ಹೋಗೋ ಹೆಂಗಸರು ಎಷ್ಟು ಜನ ಇದ್ದಾರೆ ನಮ್ಮಲ್ಲಿ, ಲೆಕ್ಕ ಹಾಕಿ.

ನಾನು ಇವತ್ತಿಂದ ಸ್ಟ್ರಿಪ್ ಕತ್ತರಿಸಿದ್ರೆ ಹೆಸರು ಪೆನ್ನಲ್ಲಿ ಕವರ್ ಮೇಲೆ ಬರೀತೀನಿ.

ಊರುಬಿಟ್ಟಡಾಕ್ಟ್ರು · ಸೋಮವಾರ ರಾತ್ರಿ 8:30

ಸರಿ ಇದೆ ಅಣ್ಣ. ಪ್ಯಾರಾಸಿಟಮಾಲ್ ಕಾಕ್ಸ್-1ನ್ನ ಅಷ್ಟು ಗಟ್ಟಿಯಾಗಿ ತಡೆಯಲ್ಲ, ಅದಕ್ಕೆ ಸಾಮಾನ್ಯವಾಗಿ ನಾವು ಅದನ್ನೇ ಹೇಳೋದು. ಆದ್ರೂ ಒಂದ್ಸಲ ಬಿದ್ದವರು ಡಾಕ್ಟ್ರನ್ನ ಕೇಳಿಯೇ ತಗೊಳ್ಳಿ. ಹಾರ್ಟಿಗೆ ದಿನಾ ಚಿಕ್ಕ ಡೋಸ್ ಆಸ್ಪಿರಿನ್ ತಗೊಳೋರು ಇದನ್ನ ಓದಿ ಹೆದರಿ ನಿಲ್ಲಿಸಬೇಡಿ, ಅದು ಇನ್ನೊಂದು ಅಪಾಯ.

ನಾಪೋಕ್ಲುಅಕ್ಕ · ಮಂಗಳವಾರ ಬೆಳಗ್ಗೆ 11:10

ನಾನು ಯಾವತ್ತೂ ಇಲ್ಲಿ ಬರೆಯೋಳಲ್ಲ, ಓದೋದು ಮಾತ್ರ. ನನ್ನ ಮಗಳಿಗೆ ಆಗಿದ್ದು ಇದರ ಹತ್ರಾನೇ, ಆದ್ರೆ ಸ್ವಲ್ಪ ಬೇರೆ. ಹೋದ ಮಳೆಗಾಲ, ಆಟಿ ತಿಂಗಳು, ಹದಿನೈದು ದಿನ ಬಿಡದೆ ಮಳೆ, ಕರೆಂಟಿಲ್ಲ, ಮನೆ ಗೋಡೆಯೆಲ್ಲಾ ಬೂಷ್ಟು. ಮೇ ತಿಂಗಳಲ್ಲಿ ಒಡೆದಿದ್ದ ಮೈದಾ ಪ್ಯಾಕೆಟ್ಟು ಡಬ್ಬೀಲಿ ಇತ್ತು, ಅದ್ರಲ್ಲಿ ಸಿಹಿ ದೋಸೆ ಹೊಯ್ದು ಕೊಟ್ಟೆ. ಅರ್ಧ ಗಂಟೇಲಿ ಕಣ್ಣು ಊದಿ ಉಬ್ಬಸ ಬಂತು. ಅವಳಿಗೆ ಹೊಟ್ಟೇಲಿ ಇರುವಾಗಿಂದ ಅಲ್ಲದಿದ್ರೂ ಚಿಕ್ಕವಳಿದ್ದಾಗಿಂದ ಧೂಳಿಗೆ ಸೀನು ಇದೆ, ಒಂದ್ಸಲ ಹಲ್ಲುನೋವಿನ ಮಾತ್ರೆಗೆ ಮುಖ ಊದಿತ್ತು. ಓಡಿರ್ಲಿಲ್ಲ, ಆ ದಿನ ಮಾತ್ರೆನೂ ತಗೊಂಡಿರ್ಲಿಲ್ಲ. ಮಂಗಳೂರಲ್ಲಿ ಗೋಧಿಗೆ ಟೆಸ್ಟ್ ಮಾಡಿದ್ರೆ ಏನೂ ಇಲ್ಲ, ಚಪಾತಿ ಈಗಲೂ ತಿಂತಾಳೆ. ಅಲ್ಲಿನ ಡಾಕ್ಟ್ರು ಹೇಳಿದ್ದು ಹಿಟ್ಟಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತೆ ಅದಕ್ಕೆ ಅಲರ್ಜಿ ಅಂತ. ನಾನು ನಂಬಲಿಲ್ಲ, ಜರಡಿ ಹಿಡಿದೇ ಹೊಯ್ದಿದ್ದೆ, ಹುಳ ಇದ್ರೆ ಕಾಣ್ತಿರ್ಲಿಲ್ವಾ? ಬೆಂಕಿ ಮೇಲೆ ಬೆಂದ ಮೇಲೆ ಸತ್ತು ಹೋಗಲ್ವಾ?

ಊರುಬಿಟ್ಟಡಾಕ್ಟ್ರು · ಮಂಗಳವಾರ ಮಧ್ಯಾಹ್ನ 2:00

ಅಕ್ಕ, ಆ ಡಾಕ್ಟ್ರು ಸರಿಯಾಗೇ ಹಿಡಿದಿದ್ದಾರೆ, ಎಲ್ರಿಗೂ ಹೊಳೆಯೋದಲ್ಲ ಇದು. ಹಾಸಿಗೆ ಧೂಳಲ್ಲಿ ಇರೋ ನುಸಿಯ ಜಾತೀದೇ, ತೇವ ಇರೋ ಬೆಚ್ಚಗಿನ ಊರಲ್ಲಿ ಒಡೆದಿಟ್ಟ ಹಿಟ್ಟಲ್ಲಿ ಲಕ್ಷಗಟ್ಟಲೆ ಬೆಳೆಯುತ್ತೆ, ಮಿಲಿಮೀಟರಿನ ಮೂರನೇ ಒಂದು ಭಾಗ ಇರ್ಬಹುದು, ಜರಡಿಗೆ ಸಿಗಲ್ಲ. ಬೇಯಿಸಿದ್ರೆ ಹುಳ ಸಾಯುತ್ತೆ, ಆದ್ರೆ ಅಲರ್ಜಿ ತರೋ ಪ್ರೋಟೀನುಗಳಲ್ಲಿ ಕೆಲವು ಬಿಸಿಗೆ ಹೋಗಲ್ಲ. ಪ್ಯಾನ್‌ಕೇಕ್ ಸಿಂಡ್ರೋಮ್ ಅಂತಾನೇ ಅದಕ್ಕೆ ಹೆಸರು. ವಿಚಿತ್ರ ಏನಂದ್ರೆ, ಇದು ಬಂದವರಲ್ಲಿ ತುಂಬಾ ಜನಕ್ಕೆ ಆಸ್ಪಿರಿನ್ ಗುಂಪಿನ ಮಾತ್ರೇನೂ ಆಗಲ್ಲ, ನಿಮ್ಮ ಮಗಳ ಹಲ್ಲುನೋವಿನ ಕಥೆ ಅದಕ್ಕೆ ಸರಿಯಾಗಿ ಕೂರುತ್ತೆ. ಆ ಮಾತ್ರೆ ಹೆಸರು ಹುಡುಕಿ ಬರೆದಿಡಿ. ಹಿಟ್ಟು ಚಿಕ್ಕ ಪ್ಯಾಕೆಟ್ ತನ್ನಿ, ಒಡೆದ ಮೇಲೆ ಗಾಳಿಯಾಡದ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿ ಇಡಿ. ಮಳೆಗಾಲದಲ್ಲಿ ಕರೆಂಟ್ ಇರಲ್ಲ ಗೊತ್ತು, ಹಂಗಾದ್ರೆ ಆ ಎರಡು ತಿಂಗಳು ಬೇಕಾದಷ್ಟೇ ತಂದು ಮುಗಿಸಿ. ಏಡಿ ಸಿಗಡಿ ತಿಂದಾಗ ಅವಳಿಗೆ ಬಾಯಿ ತುರಿಸುತ್ತಾ ಕೇಳಿ, ನುಸಿಗೂ ಅವಕ್ಕೂ ಒಂದು ಪ್ರೋಟೀನ್ ಹೆಚ್ಚುಕಮ್ಮಿ ಒಂದೇ.

ನಾಪೋಕ್ಲುಅಕ್ಕ · ಮಂಗಳವಾರ ಮಧ್ಯಾಹ್ನ 2:25

ಅಯ್ಯೋ ದೇವ್ರೆ, ಏಡಿ ಸಾರು ಬೇಡ ಅಂತ ಚಿಕ್ಕಂದಿನಿಂದ ಹಠ ಮಾಡ್ತಿದ್ಲು, ಹೊಡೆದು ತಿನ್ನಿಸಿದ್ದೀನಿ ನಾನು.

ಕಾಫಿರೈಟರ್ · ಬುಧವಾರ ರಾತ್ರಿ 9:30

ಸಿದ್ದಾಪುರ ಕಡೆ ತೋಟದಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯೋನು. ನನಗೆ ಮಾಸ್ಟ್ ಸೆಲ್ ಎಲ್ಲಾ ಅರ್ಥ ಆಗಲ್ಲ, ಆದ್ರೆ ಏಲಕ್ಕಿಕಾಡು ಬರೆದ "ನಡೆಸ್ಕೊಂಡು ಜೀಪ್ ತನಕ" ಅನ್ನೋ ಸಾಲು ಓದಿ ನಮ್ಮ ತೋಟದ್ದು ನೆನಪಾಯ್ತು. ಕಾಫಿ ಕುಯ್ಲು ಹೊತ್ತು, ಜನವರಿ. ಹೊರ ರಾಜ್ಯದಿಂದ ಬಂದಿದ್ದ ಹುಡುಗ, ಲೈನ್ ಮನೇಲಿ ಬೆಳಗ್ಗೆ ಚಪಾತಿ ತಿಂದು, ಮೈಕೈ ನೋವಿಗೆ ಅಂತ ಮಾತ್ರೆ ನುಂಗಿ, ಮೂಟೆ ಹೊತ್ಕೊಂಡು ಏರು ಹತ್ತುತ್ತಿದ್ದೋನು ಕೂತ್ಬಿಟ್ಟ. ಕುಯ್ಲಲ್ಲಿ ಮೈಕೈ ನೋವಿನ ಮಾತ್ರೆ ಅಂದ್ರೆ ವೀಳ್ಯ ಇದ್ದಂಗೆ, ಎಲ್ರ ಜೇಬಲ್ಲೂ ಇರುತ್ತೆ. ಮುಖ ಊದಿತ್ತು, ಹೆಜ್ಜೇನು ಕಡಿದಿರ್ಬೇಕು ಅಂತ ಹೆಂಗಸರು ಮುಳ್ಳು ಹುಡುಕ್ತಿದ್ರು, ಮುಳ್ಳೇ ಇಲ್ಲ. ರಸ್ತೆಗೆ ಒಂದು ಕಿಲೋಮೀಟರ್ ಏರು. ಅವನು ಎದ್ದು ನಿಂತ ತಕ್ಷಣ ಬಿದ್ದ, ಮತ್ತೆ ಎಬ್ಬಿಸಿದ್ವಿ, ಮತ್ತೆ ಬಿದ್ದ. ಕೊನೆಗೆ ಎರಡು ಮರದ ಕೋಲಿಗೆ ಗೋಣಿ ಚೀಲ ತೂರಿಸಿ ಮಲಗಿಸ್ಕೊಂಡು ಹೊತ್ವಿ. ಮಲಗಿಸಿದ ಮೇಲೆ ಮಾತಾಡಿದ. ಅದು ಯಾಕೆ ಅಂತ ಈವತ್ತಿಗೂ ಗೊತ್ತಿಲ್ಲ. ಬದುಕಿದ, ಊರಿಗೆ ಹೋದ, ಏನಿಂದ ಅಂತ ಯಾರೂ ಕೇಳಲಿಲ್ಲ.

ಊರುಬಿಟ್ಟಡಾಕ್ಟ್ರು · ಬುಧವಾರ ರಾತ್ರಿ 10:40

ರೈಟರ್ ಅಣ್ಣ, ಗೋಣಿ ಚೀಲದಲ್ಲಿ ಮಲಗಿಸಿದ್ದೇ ಆ ಹುಡುಗನ್ನ ಉಳಿಸಿರಬಹುದು. ರಿಯಾಕ್ಷನ್ ಜೋರಾದಾಗ ರಕ್ತನಾಳ ಸಡಿಲ ಆಗಿ ರಕ್ತ ಎಲ್ಲಾ ಕಾಲಿಗೆ ಇಳಿಯುತ್ತೆ, ಎದ್ದು ನಿಲ್ಲಿಸಿದ್ರೆ ಹೃದಯಕ್ಕೆ ವಾಪಸ್ ಬರೋಕೆ ರಕ್ತಾನೇ ಇರಲ್ಲ. ಎಬ್ಬಿಸಿ ನಡೆಸಿದ್ದಕ್ಕೇ ಸತ್ತವರಿದ್ದಾರೆ. ಮಲಗಿಸಿ, ಕಾಲು ಎತ್ತರಕ್ಕೆ ಇಡಿ. ಉಸಿರಿಗೆ ಕಷ್ಟ ಆದ್ರೆ ಮಾತ್ರ ಕಾಲು ಚಾಚಿ ಒರಗಿಸಿ ಕೂರಿಸಿ, ವಾಂತಿ ಬಂದ್ರೆ ಮಗ್ಗುಲಿಗೆ ತಿರುಗಿಸಿ. ಓಟ, ಕೆಲಸ, ಕುಣಿತ, ಏನು ಮಾಡ್ತಿದ್ರೂ ತುರಿಕೆ ಶುರು ಆದ ಕ್ಷಣ ನಿಲ್ಲಿಸಿ, ಆಟ ಮುಗಿಸಿ ನೋಡೋಣ ಅನ್ಬೇಡಿ. 108ಕ್ಕೆ ಫೋನ್ ಮಾಡಿ, ನೆಟ್‌ವರ್ಕ್ ಸಿಗದ ತೋಟ ಆದ್ರೆ ಒಬ್ಬರನ್ನ ಓಡಿಸಿ, ರೋಗಿಯನ್ನಲ್ಲ.

ಔಷಧಿ ಅಂದ್ರೆ ಅಡ್ರಿನಾಲಿನ್, ತೊಡೆಯ ಹೊರಭಾಗದ ಸ್ನಾಯುಗೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ ತನಕ, ಐದು ನಿಮಿಷಕ್ಕೂ ಸುಧಾರಿಸದಿದ್ರೆ ಇನ್ನೊಂದು. ವಿದೇಶದ ಥರ ಒತ್ತಿದ್ರೆ ಹೋಗೋ ಪೆನ್ನು ನಮ್ಮಲ್ಲಿ ಸುಲಭಕ್ಕೆ ಸಿಗಲ್ಲ. ಅದಕ್ಕೆ ಅಪಾಯ ಇರೋರಿಗೆ ಕೆಲವು ಡಾಕ್ಟ್ರು ಆಂಪ್ಯೂಲು (ಔಷಧಿ ಇರೋ ಚಿಕ್ಕ ಗಾಜಿನ ಸೀಸೆ), ಸಿರಿಂಜು ಕೊಟ್ಟು ಮನೆಯವರಿಗೆ ಕಲಿಸ್ತಾರೆ, ಕಲಿಯದೆ ಯಾರೂ ಕೈ ಹಾಕಬೇಡಿ. ಅವಿಲ್, ಸೆಟ್ರಿಜಿನ್ ಇವು ತುರಿಕೆಗೆ, ಗಂಟಲು ಊತಕ್ಕೂ ಬಿದ್ದುಹೋದ ಬಿಪಿಗೂ ಅಲ್ಲ. ಇನ್ನೊಂದು, ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರಬಹುದು, ಅದಕ್ಕೇ ಏಲಕ್ಕಿಕಾಡು ತಮ್ಮನ್ನ ರಾತ್ರಿ ಇಟ್ಕೊಂಡಿದ್ದು.

ಮಳೆಹುಳ · ಬುಧವಾರ ರಾತ್ರಿ 11:15

ಅರಿಶಿಣದ ಹಾಲು ವಾಪಸ್ ತಗೊಂಡೆ. ಒಂದು ಕೊನೇ ಪ್ರಶ್ನೆ, ಪಂದಿಕರಿಗೂ ಹಿಂಗೆ ಆಗುತ್ತಾ? ಹೌದು ಅನ್ಬೇಡಿ ಪ್ಲೀಸ್.

ಊರುಬಿಟ್ಟಡಾಕ್ಟ್ರು · ಗುರುವಾರ ಬೆಳಗ್ಗೆ 6:15

ಉಣುಗು ಕಚ್ಚಿದ ಮೇಲೆ ಹಂದಿ, ದನ, ಕುರಿ ಮಾಂಸಕ್ಕೆ ಅಲರ್ಜಿ ಶುರು ಆಗೋದು ಒಂದುಂಟು, ಆಲ್ಫಾ-ಗ್ಯಾಲ್ ಅಂತ. ಅಮೆರಿಕ, ಆಸ್ಟ್ರೇಲಿಯಾ, ಯುರೋಪಲ್ಲಿ ಚೆನ್ನಾಗಿ ಗೊತ್ತಿರೋದು. ತಿಂದ ಮೂರರಿಂದ ಆರು ಗಂಟೆ ಬಿಟ್ಟು ಬರುತ್ತೆ, ಕುಡಿತ, ಓಟ ಸೇರಿದ್ರೆ ಅದೂ ಜೋರಾಗುತ್ತೆ. ರಾತ್ರಿ ಊಟ ಮಾಡಿ ಮಲಗಿ ಎರಡು ಗಂಟೆಗೆ ದಡಿಕೆ ಎದ್ದು ಎಚ್ಚರ ಆದ್ರೆ ಮಾತ್ರ ನನ್ನ ಹತ್ರ ಬನ್ನಿ, ಇಲ್ಲಾಂದ್ರೆ ನೆಮ್ಮದಿಯಾಗಿ ತಿನ್ನಿ.

ಏಲಕ್ಕಿಕಾಡು · ಐದು ವಾರ ಬಿಟ್ಟು, ಶುಕ್ರವಾರ ರಾತ್ರಿ 8:50

ಲೇಟಾಯ್ತು, ಕ್ಷಮಿಸಿ, ಅಲರ್ಜಿ ಡಾಕ್ಟ್ರ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಆಯ್ತು, ಟೆಸ್ಟಿಗೆ ಮುಂಚೆ ಒಂದು ವಾರ ಸೆಟ್ರಿಜಿನ್ ಎಲ್ಲಾ ನಿಲ್ಲಿಸಿ ಬನ್ನಿ ಅಂತ ಒಂದ್ಸಲ ವಾಪಸ್ ಕಳಿಸಿದ್ರು ಬೇರೆ.

ಮೊದಲು ಚರ್ಮಕ್ಕೆ ಚುಚ್ಚಿ ನೋಡಿದ್ರು, ಗೋಧಿಗೆ ನೆಗೆಟಿವ್! ಅಪ್ಪ ಅಲ್ಲೇ ಎದ್ದು ನಿಂತು ನೋಡಿದ್ರಾ ಮಾತ್ರೇದೇ ಅಂದ್ರು. ಆ ಡಾಕ್ಟ್ರು ಕೂರಿಸಿ, ಗ್ಲಯಾಡಿನ್ ನೀರಲ್ಲಿ ಕರಗಲ್ಲ, ಚುಚ್ಚೋ ದ್ರಾವಣದಲ್ಲಿ ಅದು ಸರಿಯಾಗಿ ಇರಲ್ಲ, ರಕ್ತದಲ್ಲೇ ನೋಡ್ಬೇಕು ಅಂತ ಸ್ಯಾಂಪಲ್ ಹೊರಗೆ ಕಳಿಸಿದ್ರು. ಒಮೇಗಾ-5 ಗ್ಲಯಾಡಿನ್ ಪಾಸಿಟಿವ್ ಬಂತು. ತಮ್ಮ ಬರೆದಿದ್ದ ಪುಸ್ತಕಾನ ಅವರು ರಿಪೋರ್ಟಿಗಿಂತ ಜಾಸ್ತಿ ಹೊತ್ತು ಓದಿದ್ರು. ಅದ್ರಲ್ಲಿ ಇನ್ನೊಂದು ಹೊರಬಂತು, ಬಿದ್ದ ಹಿಂದಿನ ರಾತ್ರಿ ಮ್ಯಾಚ್ ನೋಡ್ತಾ ಮೂರು ಗಂಟೆ ತನಕ ಎದ್ದಿದ್ದನಂತೆ. ನಿದ್ದೆ, ಮಾತ್ರೆ, ಪರೋಟ, ಓಟ, ನಾಲ್ಕೂ ಒಂದೇ ಬೆಳಗ್ಗೆ.

ಈಗ ಸದ್ಯಕ್ಕೆ ಗೋಧಿ ಪೂರ್ತಿ ಬಂದ್, ಮುಂದೆ ಬೇಕಾದ್ರೆ ಆಟಕ್ಕೆ ಮುಂಚಿನ ಆರು ಗಂಟೆ ಮಾತ್ರ ಬಿಟ್ಟರೆ ಸಾಕಾ ನೋಡೋಣ ಅಂದಿದ್ದಾರೆ. ಆ ಗುಂಪಿನ ನೋವಿನ ಮಾತ್ರೆ ಬೇಡ. ಒಬ್ಬನೇ ಓಡೋ ಹಾಗಿಲ್ಲ, ಜೊತೇಲಿ ವಿಷಯ ಗೊತ್ತಿರೋನು ಇರ್ಬೇಕು. ನನಗೂ ಅವನ ಕ್ಯಾಪ್ಟನ್‌ಗೂ ಕಿತ್ತಳೆ ಹಣ್ಣಿಗೆ ಸೂಜಿ ಚುಚ್ಚಿ ಇಂಜೆಕ್ಷನ್ ಕಲಿಸಿದ್ರು. ಕ್ಯಾಪ್ಟನ್ ಕೈ ನಡುಗೋದು ನೋಡಿ ತಮ್ಮ ನಕ್ಕ, ನಾನು ನಗಲಿಲ್ಲ.

ಮನೇಲಿ ಸುಲಭ ಅನ್ಸಿತ್ತು, ನಾವು ಅಕ್ಕಿ ತಿನ್ನೋ ಜನ ತಾನೆ. ಹುಡುಕ್ತಾ ಹೋದ್ರೆ ಎಲ್ಲಿ ನೋಡಿದ್ರೂ ಗೋಧಿ. ಮೈದಾ ಗೋಧಿ ಅಲ್ಲ ಅಂತ ಅಮ್ಮ ಎರಡು ದಿನ ವಾದ ಮಾಡಿದ್ರು. ರವೆ, ಶಾವಿಗೆ, ಬ್ರೆಡ್ಡು, ಬಿಸ್ಕತ್ತು, ಕಟ್ಲೆಟ್ ಮೇಲಿನ ಪುಡಿ, ಗೋಬಿಗೆ ಹಾಕೋ ಸೋಯಾ ಸಾಸು. ಇಂಗಿನ ಡಬ್ಬಿ ಹಿಂದೆ ಓದಿದ್ರೆ ಅದಕ್ಕೂ ಗೋಧಿ ಹಿಟ್ಟು ಬೆರೆಸಿದ್ದಾರೆ! ಕೋಚ್ ಮಾತ್ರ ಇನ್ನೂ ಕೆಂಜಿರುವೆ ಅಂತಾನೇ ಇದ್ದಾರೆ.

ಅಮ್ಮ ಪ್ರಾಕ್ಟೀಸಿನ ದಿನ ಸ್ಟೀಲ್ ಡಬ್ಬೀಲಿ ಕಡಂಬುಟ್ಟು ಹಾಕಿ ಕಳಿಸ್ತಾರೆ, ಅವನಿಗೆ ಎರಡು ಸಿಕ್ಕಿದ್ರೆ ಹೆಚ್ಚು, ಮಿಕ್ಕಿದ್ದು ಟೀಮ್ ಖಾಲಿ ಮಾಡುತ್ತೆ. ಬರೋ ಭಾನುವಾರ ಮಡಿಕೇರೀಲಿ ಎಂಟು ಗಂಟೆಗೆ ಮ್ಯಾಚು, ನಾವು ಐದಕ್ಕೇ ಹೊರಡ್ಬೇಕು. ಬೆಳಗ್ಗೆ ಆರೂವರೆಗೆ ಅಕ್ಕಿ ರೊಟ್ಟಿ ಸಿಗೋ ಜಾಗ ಯಾರಿಗಾದ್ರೂ ಗೊತ್ತಾ?

ಪಿಟಿಮಾಸ್ತರ್ · ಶುಕ್ರವಾರ ರಾತ್ರಿ 9:20

ಬಸ್‌ಸ್ಟ್ಯಾಂಡ್ ಹಿಂದೆ ಇಳಿಜಾರಲ್ಲಿ ಒಬ್ರು ಅಜ್ಜಿ ಆರಕ್ಕೇ ಒಲೆ ಹಚ್ಚುತ್ತಾರೆ. ಆದ್ರೆ ಅದೇ ಕಾವಲಿ ಮೇಲೆ ಚಪಾತಿನೂ ಬೇಯಿಸ್ತಾರೆ, ಹಿಟ್ಟು ಉದುರಿರುತ್ತೆ. ನಾನು ಶನಿವಾರ ಹೋಗಿ ಅಜ್ಜಿ ಹತ್ರ ಮಾತಾಡ್ತೇನೆ, ಮೊದಲ ರೊಟ್ಟಿ ನಿಮ್ಮ ತಮ್ಮಂದು, ಕಾವಲಿ ತೊಳೆದ ಮೇಲೆ. ಎಷ್ಟು ಬೇಕು ಹೇಳಿ, ಟೀಮಿಗೂ ಸೇರಿಸಿ.